ಸಂಗೀತ ಪ್ರಶ್ನೋತ್ತರ: ಕಪ್ಪು ಹೊದಿಕೆಯೊಳಗಿನ ಹತ್ತು ಹಾಡು

ಕಳೆದ ಸಂಚಿಕೆಯಲ್ಲಿ ಎಂಬತ್ತರ ದಶಕದ ಹಾರ್ಡ್ ರಾಕ್ ಬಗ್ಗೆ ಬರೆಯುತ್ತಾ, ಎಸಿ/ಡಿಸಿ ತಂಡದ ‘ಬ್ಯಾಕ್ ಇನ್ ಬ್ಲ್ಯಾಕ್’ ಆಲ್ಬಮ್ಮನ್ನು ಒಂದೇ ಸಾಲಿನಲ್ಲಿ ಹೊಗಳಿ ಮುಂದೆ ಹೋಗಿದ್ದೆ. ಅಷ್ಟು ಬೇಗ ಮುಂದೆ ಹೋದದ್ದು ಸರಿಯಲ್ಲ ಎಂದು ಹಲವರು ಬರೆದಿದ್ದಾರೆ; ಹೊಗಳಿದ್ದೇ ಸರಿಯಲ್ಲ ಎಂದು ಬರೆದವರೂ ಇದ್ದಾರೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಒಂದು ಆಲ್ಬಮ್ಮಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಈ ಆಲ್ಬಂ ತೀರಿಹೋದ ಗಾಯಕನಿಗೆ ತಂಡ ಸಲ್ಲಿಸಿದ ಶ್ರದ್ಧಾಂಜಲಿ ಎನ್ನುತ್ತಾರೆ. ಹೊದಿಕೆ ಕಪ್ಪಾಗಿರುವುದು ನಿಜ. ಆದರೆ ಹತ್ತು ಹಾಡುಗಳಲ್ಲಿ ಎಲ್ಲಿಯೂ ಅಳು ಕೇಳಿಸುವುದಿಲ್ಲ. ಅದರ ಬದಲು ‘ಹ್ಯಾವ್ ಎ ಡ್ರಿಂಕ್ ಆನ್ ಮಿ’ ಎಂಬ ಕುಡಿತದ ಹಾಡೇ ಇದೆ. ಕುಡಿದು ಸತ್ತವರಿಗೆ ಕುಡಿತದ ಹಾಡಿನಿಂದ ಶ್ರದ್ಧಾಂಜಲಿಯೇ?
– ಓದುಗರೊಬ್ಬರು, ಹಾಸನ

ಉತ್ತರ: ಈ ಆಲ್ಬಮ್ಮಿನ ಬಗ್ಗೆ ಕೇಳಬಹುದಾದ ಅತ್ಯಂತ ಕಷ್ಟದ ಪ್ರಶ್ನೆಯನ್ನು ನೀವು ಮೊದಲಿಗೇ ಕೇಳಿದ್ದೀರಿ. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಆ ಗಾಯಕ ಬಾನ್ ಸ್ಕಾಟ್ ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಆಸ್ಟ್ರೇಲಿಯಾ ಸೇರಿದವರು. ಎಸಿ/ಡಿಸಿಯನ್ನು ಕಟ್ಟಿದ ಮ್ಯಾಲ್ಕಂ ಯಂಗ್ ಮತ್ತು ಆಂಗಸ್ ಯಂಗ್ ಸಹೋದರರೂ ಹಾಗೆಯೇ, ಗ್ಲಾಸ್ಗೊ ನಗರದಿಂದ 1963ರಲ್ಲಿ ಸಿಡ್ನಿಗೆ ವಲಸೆ ಹೋದ ದೊಡ್ಡ ಕುಟುಂಬದ ಹುಡುಗರು. 1974ರಲ್ಲಿ ಬಾನ್ ಈ ತಂಡವನ್ನು ಸೇರಿದರು. 1979ರ ‘ಹೈವೇ ಟು ಹೆಲ್’ ಆಲ್ಬಂ ಅಮೆರಿಕದಲ್ಲಿ ಮೊದಲ ಇಪ್ಪತ್ತರೊಳಗೆ ಬಂದು, ಇಷ್ಟು ವರ್ಷ ವ್ಯಾನಿನಲ್ಲಿ ಊರೂರು ಅಲೆದ ಶ್ರಮಕ್ಕೆ ಫಲ ಸಿಗುತ್ತಿದೆ ಎನ್ನುವಷ್ಟರಲ್ಲಿ, 1980ರ ಫೆಬ್ರವರಿ 19ರಂದು ಲಂಡನ್ನಿನಲ್ಲಿ, ರಾತ್ರಿಯೆಲ್ಲಾ ಕುಡಿದು ಪರಿಚಿತರ ಕಾರಿನಲ್ಲಿ ನಿದ್ದೆ ಹೋದ ಬಾನ್ ಮತ್ತೆ ಏಳಲಿಲ್ಲ. ವಯಸ್ಸು 33. ಅವರಿಲ್ಲದೆ ತಂಡವನ್ನು ಮುಂದುವರಿಸುವುದು ಬೇಡವೆಂದು ಯಂಗ್ ಸಹೋದರರು ಯೋಚಿಸುತ್ತಿದ್ದಾಗ, ನಿಲ್ಲಿಸಬೇಡಿ, ಮುಂದುವರಿಯಿರಿ ಎಂದು ಹೇಳಿದವರು ಬಾನ್ ಅವರ ಹೆತ್ತವರು. ಹೊಸ ಗಾಯಕರನ್ನು ಹುಡುಕಿ, ಹಾಡುಗಳನ್ನು ಬರೆದು, ಧ್ವನಿಮುದ್ರಿಸಿ, ಜುಲೈ 25ರಂದು ಆಲ್ಬಂ ಅಮೆರಿಕದ ಅಂಗಡಿಗಳಿಗೆ ಬಂದಿತು. ಸಾವಿಗೂ ಬಿಡುಗಡೆಗೂ ನಡುವೆ ಐದು ತಿಂಗಳು, ಆರು ದಿನ.

ಹೊದಿಕೆ ಕಪ್ಪಾಗಿರಬೇಕು ಎಂದು ಪಟ್ಟು ಹಿಡಿದವರು ತಂಡದವರೇ. ಪೂರ್ತಿ ಕಪ್ಪಾದರೆ ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ಹೇಗೆ ಎಂದು ಆಲ್ಬಂ ಹೊರತಂದ ಅಟ್ಲಾಂಟಿಕ್ ಕಂಪನಿ ತಕರಾರು ಮಾಡಿದ್ದರಿಂದ, ತಂಡದ ಹೆಸರಿನ ಸುತ್ತ ಒಂದು ಬೂದು ಬಣ್ಣದ ಗೆರೆ ಎಳೆಯಲು ಒಪ್ಪಿದರು. ಮೊದಲ ಮುದ್ರಣದ ಎಲ್‌ಪಿ ಕೈಗೆ ಸಿಕ್ಕರೆ ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿ, ಅವು ಉಬ್ಬಿಕೊಂಡಿರುತ್ತವೆ.

ಇನ್ನು ಕುಡಿತದ ಹಾಡಿನ ವಿಷಯ. ಹಳೇ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವ ರೀತಿಯನ್ನು ಹಾಸನದವರಾದ ನಿಮಗೆ ನಾನು ವಿವರಿಸಬೇಕಾಗಿಲ್ಲ. ತೀರಿಕೊಂಡವರಿಗೆ ಏನು ಇಷ್ಟವಿತ್ತೋ ಅದನ್ನೇ ಎಲೆಯ ಮೇಲೆ ಇಡುತ್ತಾರೆ. ಅಜ್ಜ ಬೀಡಿ ಸೇದುತ್ತಿದ್ದರೆ ಬೀಡಿಯ ಕಟ್ಟು, ಮಾಂಸ ಇಷ್ಟವಿದ್ದರೆ ಮಾಂಸ, ಗುಟುಕು ಹಾಕುವ ಅಭ್ಯಾಸವಿದ್ದರೆ ಅದರದ್ದೂ ಒಂದು ಸೀಸೆ. ಬೀಡಿಯಿಂದಲೇ ಎದೆ ಕೆಟ್ಟು ಅಜ್ಜ ಸತ್ತದ್ದು ಮನೆಮಂದಿಗೆಲ್ಲಾ ಗೊತ್ತಿರುತ್ತದೆ. ಆದರೂ ಆ ದಿನ ಯಾರೂ ಬೀಡಿಯ ಕಟ್ಟನ್ನು ಎತ್ತಿಡುವುದಿಲ್ಲ. ಈ ಆಲ್ಬಮ್ಮನ್ನು ನಾನು ಅಂಥದೇ ಒಂದು ಎಡೆ ಎಂದು ತಿಳಿದು ಕೇಳುತ್ತೇನೆ. ಯಂಗ್ ಸಹೋದರರು ಸ್ಟುಡಿಯೊದಲ್ಲಿ ಅತ್ತು ಕರೆಯುವ ಹಾಡು ಬರೆದಿದ್ದರೆ ಅದು ಅವರ ಸಮಾಧಾನಕ್ಕಾಗುತ್ತಿತ್ತೇ ಹೊರತು, ಬಾನ್ ಅವರಿಗೆ ಸಲ್ಲುತ್ತಿರಲಿಲ್ಲ. ಇನ್ನೂ ಒಂದು ಮಾತಿದೆ. ಸಾಯುವ ಕೆಲವೇ ದಿನಗಳ ಮೊದಲು ಬಾನ್ ತಂಡದ ತಾಲೀಮಿಗೆ ಬಂದು, ಯೌವನದಲ್ಲಿ ಕಲಿತಿದ್ದ ಡ್ರಮ್ಸ್ ಮುಂದೆ ಕುಳಿತು ಸಹೋದರರ ಹೊಸ ಗಿಟಾರ್ ವರಸೆಗಳಿಗೆ ತಾಳ ಹಾಕಿದ್ದರು. ಹಾಗೆ ತಾಳ ಹಾಕಿದವುಗಳಲ್ಲಿ ಈ ಕುಡಿತದ ಹಾಡಿನ ವರಸೆಯೂ ಒಂದು. ಅದನ್ನು ಕೈಬಿಟ್ಟಿದ್ದರೆ ಅವರ ಕೈ ಸೋಕಿದ ಕೊನೆಯ ಕೆಲಸವನ್ನೇ ಕೈಬಿಟ್ಟಂತಾಗುತ್ತಿತ್ತು. ಇಷ್ಟೆಲ್ಲಾ ಹೇಳಿದ ಮೇಲೂ ಆ ಹಾಡು ಬಂದಾಗ ನಿಮಗೆ ಇರಿಸುಮುರಿಸಾದರೆ ಅದು ತಪ್ಪೆಂದು ನಾನು ಹೇಳಲಾರೆ. ನನಗೂ ಕೆಲವು ಸಲ ಆಗುತ್ತದೆ.

ಪ್ರಶ್ನೆ: ‘ಹೆಲ್ಸ್ ಬೆಲ್ಸ್’ ಹಾಡಿನ ಆರಂಭದಲ್ಲಿ ಕೇಳಿಸುವುದು ನಿಜವಾದ ಚರ್ಚಿನ ಗಂಟೆಯೇ, ಅಥವಾ ಯಂತ್ರದಿಂದ ಹುಟ್ಟಿಸಿದ ಸದ್ದೇ?
– ಓದುಗರು, ಉಡುಪಿ

ಉತ್ತರ: ಗಂಟೆ ನಿಜವಾದದ್ದೇ, ಆದರೆ ಚರ್ಚಿನದಲ್ಲ. ಈ ಉತ್ತರಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. ನಾನು ಈ ಆಲ್ಬಮ್ಮನ್ನು ಮೊದಲು ಕೇಳಿದ್ದು, ಖಾಲಿ ಕ್ಯಾಸೆಟ್ ಕೊಟ್ಟರೆ ಹಾಡು ತುಂಬಿಸಿಕೊಡುವ ಬೆಂಗಳೂರಿನ ಒಂದು ಅಂಗಡಿಯಿಂದ ಮಾಡಿಸಿಕೊಂಡ ಕ್ಯಾಸೆಟ್ಟಿನಲ್ಲಿ. ಹಾಡು ತುಂಬಿಸಿದವರಿಗೆ ಅವಸರವೋ, ಗಂಟೆಯ ಸದ್ದು ಸಂಗೀತವಲ್ಲವೆಂಬ ನಂಬಿಕೆಯೋ ತಿಳಿಯದು. ಗಿಟಾರ್ ಶುರುವಾದ ಮೇಲೆಯೇ ಅವರು ಗುಂಡಿ ಒತ್ತಿದ್ದರು. ಹಾಡು ಗಿಟಾರಿನಿಂದಲೇ ಆರಂಭವಾಗುತ್ತದೆಂದು ನಾನು ಆರು ವರ್ಷ ನಂಬಿದ್ದೆ. ಕೊನೆಗೊಂದು ದಿನ ಗೆಳೆಯರ ಮನೆಯಲ್ಲಿ ಎಲ್‌ಪಿ ಹಾಕಿದಾಗ, ಕತ್ತಲಿನಿಂದ ಬಂದಂತೆ ಆ ಮೊದಲ ಪೆಟ್ಟು ಕೇಳಿಸಿತು. ಅದರ ಕಂಪನ ಪೂರ್ತಿ ಆರುವ ತನಕ ಬೇರೆ ಏನೂ ನಡೆಯಲಿಲ್ಲ, ಆಮೇಲೆ ಎರಡನೆಯ ಪೆಟ್ಟು ಬಿತ್ತು. ಕೈಯಲ್ಲಿದ್ದ ಕಾಫಿ ಲೋಟ ಹಾಗೆಯೇ ಉಳಿಯಿತು.

ಈಗ ಗಂಟೆಯ ಕಥೆ. ಇಂಗ್ಲೆಂಡಿನ ಲಫ್‌ಬರೊ ಪಟ್ಟಣದಲ್ಲಿ ಜಾನ್ ಟೇಲರ್ ಎಂಬ ಹಳೆಯ ಗಂಟೆ ಎರಕದ ಕಾರ್ಖಾನೆಯಿದೆ. ವೇದಿಕೆಯ ಮೇಲೆ ನೇತುಹಾಕಿ ಬಾರಿಸಲು ಸುಮಾರು ಒಂದು ಟನ್ ತೂಕದ ಕಂಚಿನ ಗಂಟೆಯೊಂದನ್ನು ಮಾಡಿಕೊಡುವಂತೆ ತಂಡ ಅವರಿಗೆ ಹೇಳಿತ್ತು. ಅದು ಸಿದ್ಧವಾಗುವುದು ತಡವಾದಾಗ, ಧ್ವನಿಮುದ್ರಣದ ಎಂಜಿನಿಯರ್ ಟೋನಿ ಪ್ಲಾಟ್ ಅದೇ ಊರಿನ ಯುದ್ಧಸ್ಮಾರಕ ಗೋಪುರದಲ್ಲಿರುವ ದೊಡ್ಡ ಗಂಟೆಯನ್ನು ಮುದ್ರಿಸಿಕೊಳ್ಳಲು ಹೋದರು. 47 ಗಂಟೆಗಳಿರುವ ಆ ಗೋಪುರ ಮೊದಲ ಮಹಾಯುದ್ಧದಲ್ಲಿ ಮಡಿದ ಊರಿನವರ ನೆನಪಿಗೆ 1923ರಲ್ಲಿ ಕಟ್ಟಿಸಿದ್ದು; ಅದರ ಅತಿ ದೊಡ್ಡ ಗಂಟೆಯನ್ನು, ಯುದ್ಧದಲ್ಲಿ ತೀರಿಹೋದ ತಮ್ಮ ಅಣ್ಣನ ಮೂವರು ಮಕ್ಕಳ ಹೆಸರಿನಲ್ಲಿ ಟೇಲರ್ ಕುಟುಂಬದವರೇ ಎರಕ ಹೊಯ್ದು ಕೊಟ್ಟಿದ್ದರು. ಸಾವಿನ ನೆನಪಿನ ಹಾಡಿಗೆ ಇದಕ್ಕಿಂತ ತಕ್ಕ ಗಂಟೆ ಸಿಗುತ್ತಿರಲಿಲ್ಲವೇನೋ. ಆದರೆ ಒಂದು ಪೆಟ್ಟು ಬಿದ್ದೊಡನೆ ಗೋಪುರದಲ್ಲಿ ಗೂಡು ಕಟ್ಟಿದ್ದ ಹಕ್ಕಿಗಳೆಲ್ಲಾ ರೆಕ್ಕೆ ಬಡಿದು ಹಾರತೊಡಗಿದವು. ಆ ಫಡಫಡ ಸದ್ದು ಟೇಪಿಗೆ ಸೇರಿ, ಮುದ್ರಿಸಿದ್ದು ಕೆಲಸಕ್ಕೆ ಬಾರದಾಯಿತು.

ಕೊನೆಗೆ ಕಾರ್ಖಾನೆಯವರೇ ತಂಡದ ಗಂಟೆಯ ಕೆಲಸವನ್ನು ಬೇಗ ಮುಗಿಸಿ, ಅದನ್ನು ಅಲ್ಲಿಯೇ ತೂಗುಹಾಕಿ ಬಾರಿಸಿದರು; ಸಂಚಾರಿ ಸ್ಟುಡಿಯೊ ಹೊತ್ತ ವಾಹನವೊಂದು ಹೊರಗೆ ನಿಂತು ಅದನ್ನು ಮುದ್ರಿಸಿಕೊಂಡಿತು. ಆಮೇಲೆ ಟೇಪಿನ ವೇಗವನ್ನು ಅರ್ಧಕ್ಕೆ ಇಳಿಸಿದರು. ವೇಗ ಅರ್ಧವಾದರೆ ಸ್ಥಾಯಿ ಒಂದು ಇಳಿಯುತ್ತದೆ, ಆರುವ ಕಾಲ ಎರಡರಷ್ಟಾಗುತ್ತದೆ. ಹೀಗಾಗಿ ನಾವು ಕೇಳುವ ಗಂಟೆ ಅದರ ನಿಜವಾದ ತೂಕಕ್ಕಿಂತ ಎಷ್ಟೋ ಭಾರವಾಗಿ ಕೇಳಿಸುತ್ತದೆ. ನಮ್ಮಲ್ಲಿ ಶವದ ಮುಂದೆ ಜಾಗಟೆ ಬಾರಿಸುವವರು ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಹೆಜ್ಜೆ ಎಣಿಸುವಂತೆ ಬಿಡುವು ಕೊಡುತ್ತಾರಲ್ಲ, ಅದೇ ಬಿಡುವು ಇಲ್ಲಿಯೂ ಇದೆ.

ಪ್ರಶ್ನೆ: ನಾನು ಮೃದಂಗ ಕಲಿಯುತ್ತಿದ್ದೇನೆ. ಈ ಆಲ್ಬಮ್ಮಿನ ಡ್ರಮ್ಸ್ ವಾದನ ನನಗೆ ತೀರಾ ಸರಳ ಎನಿಸುತ್ತದೆ. ಮೂರೇ ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ಗಿಟಾರ್, ಒಂದೇ ನಡೆಯ ಡ್ರಮ್ಸ್. ಇದರಲ್ಲಿ ವಿದ್ವತ್ತು ಎಲ್ಲಿದೆ?
– ವಿದ್ಯಾರ್ಥಿ, ಮೈಸೂರು

ಉತ್ತರ: ನಿಮ್ಮ ಗುರುಗಳು ಕಾರ್ವೆಯ, ಅಂದರೆ ಪೆಟ್ಟುಗಳ ನಡುವಿನ ಬಿಡುವಿನ ಬಗ್ಗೆ ಏನು ಹೇಳಿಕೊಟ್ಟಿದ್ದಾರೋ ಅದನ್ನು ನೆನಪಿಟ್ಟುಕೊಂಡು ಶೀರ್ಷಿಕೆ ಗೀತೆಯನ್ನು ಇನ್ನೊಮ್ಮೆ ಕೇಳಿ. ಮೊದಲು ಹೈ-ಹ್ಯಾಟ್ ತಟ್ಟೆಯ ಮೇಲೆ ಎಣಿಕೆ. ಆಮೇಲೆ ಒಂದು ಕಾರ್ಡ್, ಕೂಡಲೇ ಕೈಯಿಂದ ಒತ್ತಿ ನಿಲ್ಲಿಸಿದ ಮೌನ. ಎರಡನೆಯ ಕಾರ್ಡ್ ಮೂರು ಚುಟುಕು ಪೆಟ್ಟುಗಳಲ್ಲಿ ಬರುತ್ತದೆ, ಮತ್ತೆ ಮೌನ. ಮೂರನೆಯದೂ ಹಾಗೆಯೇ, ಕೊನೆಗೆ ಕೆಳಗಿಳಿದು ಬರುವ ಒಂದು ಸಣ್ಣ ಪಲುಕು. ಆ ಮೌನಗಳಲ್ಲಿ ಫಿಲ್ ರಡ್ ಅವರ ಡ್ರಮ್ಸ್ ಮಾತ್ರ ನಡೆಯುತ್ತಿರುತ್ತದೆ, ಒಂದು ಕೂದಲೆಳೆಯಷ್ಟೂ ಮುಂದೆ ಓಡದೆ, ಹಿಂದೆ ಬೀಳದೆ. ಇಷ್ಟು ನಿಧಾನದ ಕಾಲಪ್ರಮಾಣದಲ್ಲಿ ಖಾಲಿ ಜಾಗ ಸಿಕ್ಕಿದರೆ ಬಹುಪಾಲು ಡ್ರಮ್ಮರುಗಳ ಕೈ ಸುಮ್ಮನಿರುವುದಿಲ್ಲ, ಏನಾದರೂ ತುಂಬಿಬಿಡುತ್ತದೆ. ರಡ್ ಅವರು ಹತ್ತು ಹಾಡುಗಳ ಉದ್ದಕ್ಕೂ ತಮ್ಮ ಕೈಯನ್ನು ಹಿಡಿದಿಟ್ಟುಕೊಂಡಿದ್ದಾರೆ. ಮೃದಂಗದ ವಿದ್ವತ್ತಿನೊಂದಿಗೆ ಇದನ್ನು ತೂಗಿ ನೋಡುವ ಅಗತ್ಯವಿಲ್ಲ. ಆದರೆ ಬಾರಿಸದೇ ಬಿಡುವುದೂ ಲಯದ ಭಾಗವೇ ಎಂಬುದು ಎರಡೂ ಕಡೆ ಒಂದೇ.

ಈ ವರಸೆಯನ್ನು ಹೊಸೆದವರು ಮ್ಯಾಲ್ಕಂ. ಹಿಂದಿನ ಪ್ರವಾಸದ ವೇಳೆ ಅದನ್ನು ಕ್ಯಾಸೆಟ್ಟಿನಲ್ಲಿ ಮುದ್ರಿಸಿಟ್ಟು, ಇದೇನೂ ಪ್ರಯೋಜನವಿಲ್ಲ, ಅಳಿಸಿಬಿಡಲೇ ಎಂದು ತಮ್ಮನನ್ನು ಕೇಳಿದ್ದರಂತೆ. ನಿನಗೆ ಬೇಡವಾದರೆ ನನಗೆ ಕೊಡು ಎಂದು ತಾನು ತಡೆದದ್ದಾಗಿ ಆಂಗಸ್ ಹೇಳಿಕೊಂಡಿದ್ದಾರೆ. ಶಾಲಾ ಸಮವಸ್ತ್ರದ ಚಡ್ಡಿ ತೊಟ್ಟು ವೇದಿಕೆಯ ಮೇಲೆ ಕುಣಿಯುವ ಆಂಗಸ್ ಎಲ್ಲರ ಕಣ್ಣಿಗೂ ಬೀಳುತ್ತಾರೆ. ನನ್ನ ಮಟ್ಟಿಗೆ ಈ ತಂಡದ ಯಜಮಾನರು ಹಿಂದೆ ನಿಂತ ಅಣ್ಣ. ಮ್ಯಾಲ್ಕಂ ತಮ್ಮ ಹಳೆಯ ಗ್ರೆಚ್ ಗಿಟಾರಿನಿಂದ ತಂತಿಯ ಕಂಪನವನ್ನು ಹಿಡಿಯುವ ಪಿಕಪ್‌ಗಳಲ್ಲಿ ಒಂದೇ ಒಂದನ್ನು ಉಳಿಸಿ ಬಾಕಿಯವನ್ನು ಕಿತ್ತುಹಾಕಿದ್ದರು. ದಪ್ಪ ತಂತಿ ಹಾಕಿ, ಆಂಪ್ಲಿಫಯರಿನ ಸದ್ದನ್ನು ತಗ್ಗಿಸಿಟ್ಟು, ತಂತಿಗಳನ್ನು ಜೋರಾಗಿ ಮೀಟುತ್ತಿದ್ದರು. ಹಾರ್ಡ್ ರಾಕ್ ಎಂದರೆ ಗಿಟಾರ್ ಕರಕಲಾಗುವಷ್ಟು ಸದ್ದು ಹೆಚ್ಚಿಸುವುದು ಎಂದುಕೊಂಡವರಿಗೆ ಇದು ಆಶ್ಚರ್ಯವಾಗಬಹುದು. ಹೆಡ್‌ಫೋನ್ ಹಾಕಿಕೊಂಡರೆ ಅಣ್ಣನ ಗಿಟಾರ್ ಒಂದು ಕಿವಿಗೆ, ತಮ್ಮನ ಗಿಟಾರ್ ಇನ್ನೊಂದು ಕಿವಿಗೆ ಬೇರೆಬೇರೆಯಾಗಿ, ಪ್ರತಿ ತಂತಿಯೂ ಎಣಿಸಬಹುದಾದಷ್ಟು ಬಿಡಿಬಿಡಿಯಾಗಿ ಕೇಳಿಸುವುದು ಆ ತಗ್ಗಿಸಿದ ಸದ್ದಿನಿಂದಲೇ.

ನಿರ್ಮಾಪಕರಾದ ರಾಬರ್ಟ್ ಜಾನ್ ‘ಮಟ್’ ಲ್ಯಾಂಗ್ ಅವರಿಗೂ ಇದರಲ್ಲಿ ಪಾಲಿದೆ. ಮುಂದೆ ಡೆಫ್ ಲೆಪರ್ಡ್ ತಂಡದ ‘ಹಿಸ್ಟೀರಿಯಾ’ (1987) ಆಲ್ಬಮ್ಮಿನಲ್ಲಿ ಧ್ವನಿಯ ಮೇಲೆ ಧ್ವನಿ ಪೇರಿಸಿ ಗೋಪುರ ಕಟ್ಟಿದವರು ಇವರೇ. ಅಂಥವರು ಇಲ್ಲಿ ಐದು ಜನರನ್ನು ಐದೇ ಜನರಾಗಿ ಉಳಿಸಿದರು. ‘ಹಿಸ್ಟೀರಿಯಾ’ ನನಗೂ ಇಷ್ಟ. ಆದರೆ ಅದನ್ನು ಕೇಳಿದರೆ ಅದು ಯಾವ ದಶಕದ್ದೆಂದು ಕೂಡಲೇ ಹೇಳಬಹುದು, ಇದನ್ನು ಹಾಗೆ ಹೇಳಲಾಗದು.

ಪ್ರಶ್ನೆ: ಹೊಸ ಗಾಯಕ ಬ್ರಯನ್ ಜಾನ್ಸನ್ ಯಾರು? ಅಷ್ಟು ದೊಡ್ಡ ಜಾಗಕ್ಕೆ ಅವರು ಹೇಗೆ ಬಂದರು?
– ಓದುಗರು, ಕಲಬುರಗಿ

ಉತ್ತರ: ಬ್ರಯನ್ ಇಂಗ್ಲೆಂಡಿನ ಈಶಾನ್ಯ ಭಾಗದ, ನ್ಯೂಕಾಸಲ್ ಪಕ್ಕದ ಗೇಟ್ಸ್‌ಹೆಡ್ಡಿನವರು. ಜಾರ್ಡಿ ಎಂಬ ತಂಡದಲ್ಲಿ ಹಾಡಿ ಎಪ್ಪತ್ತರ ದಶಕದ ಆರಂಭದಲ್ಲಿ ಸ್ವಲ್ಪ ಹೆಸರು ಮಾಡಿದ್ದರು. ಆ ಹೆಸರು ಮಾಸಿದ ಮೇಲೆ, ಕಾರುಗಳಿಗೆ ವಿನೈಲ್ ಚಾವಣಿ ಅಂಟಿಸುವ ಸಣ್ಣ ವ್ಯಾಪಾರ ಇಟ್ಟುಕೊಂಡಿದ್ದರು. ಅವರ ಹೆಸರನ್ನು ಹಿಂದೆಯೇ ತಂಡದವರ ಕಿವಿಗೆ ಹಾಕಿದವರು ಸ್ವತಃ ಬಾನ್ ಸ್ಕಾಟ್ ಎಂಬುದು ಈ ಕಥೆಯಲ್ಲಿ ನನಗೆ ಅತಿ ಇಷ್ಟದ ಭಾಗ. 1973ರಲ್ಲಿ ಬಾನ್ ಇದ್ದ ಬೇರೊಂದು ತಂಡ ಜಾರ್ಡಿಯ ಕಛೇರಿಗಳಲ್ಲಿ ಮೊದಲಿಗೆ ಹಾಡುತ್ತಿತ್ತು. ಒಂದು ರಾತ್ರಿ ಬ್ರಯನ್ ನೆಲಕ್ಕೆ ಬಿದ್ದು ಒದ್ದಾಡುತ್ತಾ ಕಿರುಚಿ ಹಾಡಿದ್ದನ್ನು ಕಂಡು, ಇಂಥ ಗಾಯಕನನ್ನು ನೋಡಿಯೇ ಇಲ್ಲ ಎಂದು ಬಾನ್ ಮುಂದೆ ಆಂಗಸ್ ಬಳಿ ಹೊಗಳಿದ್ದರು. ಆ ರಾತ್ರಿ ತಾನು ಒದ್ದಾಡಿದ್ದು ಅಪೆಂಡಿಕ್ಸ್ ನೋವಿನಿಂದ ಎಂದು ಬ್ರಯನ್ ಆಮೇಲೆ ಹೇಳಿಕೊಂಡರು.

ಏಪ್ರಿಲಿನಲ್ಲಿ ಅವರು ತಂಡದೊಂದಿಗೆ ಬಹಾಮಾಸ್ ದ್ವೀಪಗಳ ನಸ್ಸಾವಿಗೆ ಹೋದರು. ಕಾಂಪಸ್ ಪಾಯಿಂಟ್ ಸ್ಟುಡಿಯೊದಲ್ಲಿ ಕುಳಿತು, ತೀರಿಹೋದವರ ಜಾಗದಲ್ಲಿ ನಿಂತು, ಅವರ ನೆನಪಿನ ಹಾಡಿಗೆ ಸಾಹಿತ್ಯವನ್ನೂ ಬರೆಯಬೇಕಾದ ಹೊರೆ ಅವರ ಮೇಲೆ ಬಿತ್ತು. ದುಃಖ ತೋಡಿಕೊಳ್ಳುವಂತಿರಬಾರದು, ಸಂಭ್ರಮದಂತಿರಬೇಕು ಎಂದಷ್ಟೇ ಸಹೋದರರು ಹೇಳಿದ್ದರು. ಆ ದಿನಗಳಲ್ಲಿ ದ್ವೀಪಕ್ಕೆ ಬಡಿದ ಗುಡುಗು ಮಳೆಯೇ ‘ಹೆಲ್ಸ್ ಬೆಲ್ಸ್’ ಹಾಡಿನ ಮೊದಲ ಸಾಲುಗಳಿಗೆ ಬಂದು ಕುಳಿತಿತು. ಬ್ರಯನ್ ಎಲ್ಲಿಯೂ ಬಾನ್ ಅವರನ್ನು ಅನುಕರಿಸುವುದಿಲ್ಲ. ಬಾನ್ ಅವರದು ಕಣ್ಣು ಹೊಡೆದು ಕಥೆ ಹೇಳುವ ಗಂಟಲು. ಬ್ರಯನ್ ಅವರದು ಕಬ್ಬಿಣದ ಬಾಗಿಲನ್ನು ಎಳೆದಂತಹ ಗಂಟಲು. ಕಥೆ ಹೇಳುವ ಆ ಚಂದ ಬಾನ್ ಜೊತೆಗೇ ಹೋಯಿತೆಂಬುದನ್ನು ನನ್ನಂಥ ಅಭಿಮಾನಿಯೂ ಒಪ್ಪಲೇಬೇಕು.

ಪ್ರಶ್ನೆ: ಸಾಹಿತ್ಯವನ್ನು ಬಾನ್ ಅವರೇ ಬರೆದಿಟ್ಟಿದ್ದರು, ತಂಡ ಅದನ್ನು ಮುಚ್ಚಿಟ್ಟಿತು ಎಂಬ ಮಾತು ನಿಜವೇ?
– ಓದುಗರು, ಶಿವಮೊಗ್ಗ

ಉತ್ತರ: ಆಲ್ಬಮ್ಮಿನ ಮೇಲೆ ಹತ್ತೂ ಹಾಡುಗಳಿಗೆ ಇಬ್ಬರು ಯಂಗ್ ಸಹೋದರರು ಮತ್ತು ಜಾನ್ಸನ್ ಅವರ ಹೆಸರಿದೆ. ತಂಡದವರು ಈ ವದಂತಿಯನ್ನು ಮತ್ತೆ ಮತ್ತೆ ಅಲ್ಲಗಳೆದಿದ್ದಾರೆ. ಬಾನ್ ತಾಲೀಮಿನಲ್ಲಿ ಬಾರಿಸಿದ್ದು ಡ್ರಮ್ಸ್, ಹಾಡಲಿಲ್ಲ.

ಪ್ರಶ್ನೆ: ನೀವು ಸಂಗೀತವನ್ನು ಹೊಗಳುತ್ತೀರಿ, ಸಾಹಿತ್ಯದ ಬಗ್ಗೆ ಬಾಯಿ ಬಿಡುವುದಿಲ್ಲ. ಹೆಣ್ಣನ್ನು ಇಷ್ಟು ಅಗ್ಗವಾಗಿ ಕಾಣುವ ಹಾಡುಗಳನ್ನು ಒಬ್ಬ ಹೆಣ್ಣುಮಗಳಾಗಿ ನಾನೇಕೆ ಮೆಚ್ಚಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ಮೆಚ್ಚಬೇಕಾಗಿಲ್ಲ. ಮೊದಲ ಬದಿಯ ಕೊನೆಯ ಮೂರು ಹಾಡುಗಳ ಸಾಹಿತ್ಯ ಹಾಸ್ಟೆಲ್ ಗೋಡೆಯ ಮೇಲಿನ ಬರಹದ ಮಟ್ಟದ್ದು. ಅದನ್ನು ಸಮರ್ಥಿಸಲು ನನ್ನ ಬಳಿ ಮಾತಿಲ್ಲ. ಅವುಗಳಲ್ಲಿ ಒಂದಾದ ‘ಲೆಟ್ ಮಿ ಪುಟ್ ಮೈ ಲವ್ ಇನ್‌ಟು ಯು’ 1985ರಲ್ಲಿ ಅಮೆರಿಕದ ಪೋಷಕರ ಸಂಘಟನೆಯೊಂದು ಹೊರಡಿಸಿದ ಹದಿನೈದು ಆಕ್ಷೇಪಾರ್ಹ ಹಾಡುಗಳ ಪಟ್ಟಿಯಲ್ಲಿತ್ತು. ಧ್ವನಿಸುರುಳಿಗಳ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸುವ ಪದ್ಧತಿ ಬಂದದ್ದು ಆ ಗಲಾಟೆಯಿಂದಲೇ. ಚೀಟಿಯಿಂದ ಹಾಡು ಸುಧಾರಿಸಲಿಲ್ಲ, ಮಾರಾಟವೂ ತಗ್ಗಲಿಲ್ಲ. ಎರಡನೆಯ ಬದಿಯ ‘ಯು ಶುಕ್ ಮಿ ಆಲ್ ನೈಟ್ ಲಾಂಗ್’ ಹಾಡಿನ ಬಗ್ಗೆ ಮಾತ್ರ ಸ್ವಲ್ಪ ವಾದಿಸುತ್ತೇನೆ. ಅದರಲ್ಲಿ ಸೋತು ಸುಣ್ಣವಾಗುವವನು ಗಂಡಸು, ಅದನ್ನು ಅವನು ನಗುತ್ತಲೇ ಒಪ್ಪಿಕೊಳ್ಳುತ್ತಾನೆ. ಈ ವಾದ ನಿಮಗೆ ಸಾಲದೆಂದರೆ ಮೊದಲ ಹಾಡನ್ನೂ ಶೀರ್ಷಿಕೆ ಗೀತೆಯನ್ನೂ ಕೇಳಿ ಉಳಿದದ್ದನ್ನು ಬಿಟ್ಟುಬಿಡಿ.

ಪ್ರಶ್ನೆ: ಮಾರಾಟದಲ್ಲಿ ಇದರ ಸ್ಥಾನವೇನು? ಇದೇ ಸ್ಟುಡಿಯೊದಲ್ಲಿ ಬೇರೆ ರಾಕ್ ತಂಡಗಳೂ ಕೆಲಸ ಮಾಡಿವೆಯೇ?
– ಓದುಗರು, ಬೆಂಗಳೂರು

ಉತ್ತರ: ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅಮೆರಿಕದಲ್ಲಿ ನಾಲ್ಕನೆಯ ಸ್ಥಾನದಿಂದ ಮೇಲೆ ಹೋಗಲೇ ಇಲ್ಲ. ಆದರೂ ಅಲ್ಲಿ 2019ರ ಹೊತ್ತಿಗೆ 2.5 ಕೋಟಿ ಪ್ರತಿಗಳ ಪ್ರಮಾಣಪತ್ರ ಪಡೆದಿತ್ತು. ನೆಗೆದು ಶಿಖರ ಮುಟ್ಟದೆ, ನಾಲ್ಕು ದಶಕ ಒಂದೇ ನಡೆಯಲ್ಲಿ ಮಾರಾಟವಾಗುತ್ತಾ ಬಂದದ್ದು ಫಿಲ್ ರಡ್ ಅವರ ಡ್ರಮ್ಸಿಗೆ ಒಪ್ಪುವಂತೆಯೇ ಇದೆ. ಕಾಂಪಸ್ ಪಾಯಿಂಟಿಗೆ ಹೋದವರಲ್ಲಿ ಐರನ್ ಮೇಡನ್ ತಂಡ ಮುಖ್ಯವಾದುದು. 1983ರ ‘ಪೀಸ್ ಆಫ್ ಮೈಂಡ್’ ಅಲ್ಲಿಯದೇ. 2007ರ ಮಾರ್ಚಿನಲ್ಲಿ ಅರಮನೆ ಮೈದಾನದಲ್ಲಿ ಆ ತಂಡದ ಕಛೇರಿಯನ್ನು ನೀವು ಕೇಳಿದ್ದರೆ, ನಸ್ಸಾವಿನಲ್ಲಿ ಹುಟ್ಟಿದ ಕೆಲವು ಹಾಡುಗಳನ್ನು ನಮ್ಮೂರಿನಲ್ಲಿಯೇ ಕೇಳಿದ್ದೀರಿ.

ಪ್ರಶ್ನೆ: ಹತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಈ ಆಲ್ಬಮ್ಮನ್ನು ದಿನವಿಡೀ ಜೋರಾಗಿ ಹಾಕುತ್ತಾಳೆ. ಗದ್ದಲ ಎಂದರೆ, ‘ಅಮ್ಮಾ, ಕೊನೆಯ ಹಾಡಿನ ಹೆಸರು ಓದು’ ಎನ್ನುತ್ತಾಳೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಮಗಳು ಜಾಣೆ. ಆ ಕೊನೆಯ ಹಾಡಿನ ಹೆಸರಿನ ಅರ್ಥ, ರಾಕ್ ಅಂಡ್ ರೋಲ್ ಶಬ್ದಮಾಲಿನ್ಯವಲ್ಲ ಎಂದು. ಆಲ್ಬಮ್ಮಿಗೆ ಒಂದು ಹಾಡು ಕಡಿಮೆ ಬಿದ್ದಾಗ ಕೊನೆಗಳಿಗೆಯಲ್ಲಿ ಬರೆದದ್ದು ಅದು. ಆರಂಭದಲ್ಲಿ ಗಿಟಾರ್ ಮೆಲ್ಲಗೆ ನುಡಿಯುತ್ತಿರುವಾಗ ಬ್ರಯನ್ ಸಿಗರೇಟಿನ ಒಂದು ದಮ್ಮು ಎಳೆಯುವುದು ಕೇಳಿಸುತ್ತದೆ. ಆಮೇಲೆ ಹಾಡುವುದಿಲ್ಲ, ಹರಟೆಗೆ ಕುಳಿತವರಂತೆ ಮಾತನಾಡುತ್ತಾರೆ. ಅಷ್ಟು ಸಣ್ಣ ಸದ್ದು ಕಿವಿಗೆ ಬೀಳಬೇಕಾದರೆ ಮನೆ ನಿಶ್ಶಬ್ದವಾಗಿರಬೇಕು, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರಬಾರದು. ಆದ್ದರಿಂದ ಹೀಗೆ ಮಾಡಿ. ಪರೀಕ್ಷೆ ಮುಗಿಯುವ ತನಕ ವಾರದ ದಿನಗಳಲ್ಲಿ ಹೆಡ್‌ಫೋನ್, ಅದೂ ತಗ್ಗಿದ ಸದ್ದಿನಲ್ಲಿ. ಮ್ಯಾಲ್ಕಂ ಅವರೂ ಆಂಪ್ಲಿಫಯರ್ ತಗ್ಗಿಸಿಯೇ ನುಡಿಸುತ್ತಿದ್ದರೆಂದು ಅವಳಿಗೆ ಹೇಳಿ. ಭಾನುವಾರ ಮಧ್ಯಾಹ್ನ ಊಟದ ನಂತರ ಸ್ಪೀಕರಿಗೆ ಅನುಮತಿ ಕೊಟ್ಟು, ಗಂಟೆಯ ಮೊದಲ ಪೆಟ್ಟಿನಿಂದ ಕೊನೆಯ ಹಾಡಿನ ತನಕ ನೀವೂ ಜೊತೆಯಲ್ಲಿ ಕುಳಿತುಕೊಳ್ಳಿ. ಒಟ್ಟು 42 ನಿಮಿಷ, ಅಷ್ಟೇ. ನಡುವಿನ ಆ ಮೂರು ಹಾಡು ಬಂದಾಗ ನೀವು ಎದ್ದುಹೋಗಿ ಕಾಫಿಗೆ ನೀರಿಟ್ಟರೆ, ಶೀರ್ಷಿಕೆ ಗೀತೆಯ ಎಣಿಕೆ ಶುರುವಾಗುವ ಹೊತ್ತಿಗೆ ಲೋಟ ಹಿಡಿದು ವಾಪಸು ಬರಬಹುದು.